ಕಾವಲುಗಾರ ಬಂದ, ಬೀಗ ರಿಪೇರಿಯಾಯಿತಾ?

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರ ಪತ್ರ: "ಇಲ್ಲಿ ಪ್ರತಿ ಶಾಲೆಯಲ್ಲೂ ಬಂದೂಕು ಹಿಡಿದ ಕಾವಲು ಇರಬೇಕು ಅಂತ ಕಾನೂನಾಗಿದೆ. ಸರ್ಕಾರ ದುಡ್ಡೂ ಕೊಡುತ್ತಿದೆ. ಆದರೂ ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಎದೆ ಡವಡವ ಅನ್ನುತ್ತದೆ. ಇದರಿಂದ ನಿಜಕ್ಕೂ ಉಪಯೋಗವಿದೆಯಾ?"

ಉಪಯೋಗ ಖಂಡಿತ ಇದೆ. ಆದರೆ ದುಡ್ಡು ಸಾಲದು. ಚರ್ಚೆಯೆಲ್ಲ ಕಾವಲುಗಾರನ ಸುತ್ತಲೇ ನಡೆಯುತ್ತಿರುವುದೂ ನನಗೆ ಸರಿ ಕಾಣುತ್ತಿಲ್ಲ.

ಮೊದಲು ಲೆಕ್ಕ ನೋಡೋಣ. ನೀವು ಹೇಳುವುದು 2023ರ ಹೌಸ್ ಬಿಲ್ 3. ಶಾಲೆಗೆ ವರ್ಷಕ್ಕೆ 15,000 ಡಾಲರ್, ಜೊತೆಗೆ ಮಗುವಿಗೆ 10 ಡಾಲರ್. 500 ಮಕ್ಕಳ ಶಾಲೆಗೆ ಒಟ್ಟು 20,000. ಇಷ್ಟರಲ್ಲಿ ಒಬ್ಬ ಪೊಲೀಸರ ಸಂಬಳವೂ ಹುಟ್ಟುವುದಿಲ್ಲ. ಹಾಗಾಗಿ ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳು, ಈ ನಿಯಮದಿಂದ ವಿನಾಯಿತಿ ತೆಗೆದುಕೊಂಡವು. 2025ರಲ್ಲಿ ಶಾಲೆಗೆ 33,540, ಮಗುವಿಗೆ 20 ಡಾಲರ್ ಮಾಡಿದರು. ಅದೇ ಶಾಲೆಗೆ ಈಗ 43,540 ಸಿಗುತ್ತದೆ. ವಾಸಿ, ಆದರೂ ಕೈಬಿಗಿಯೇ.

ಈ ಕಾನೂನು ಬಂದದ್ದೇ ಟೆಕ್ಸಾಸ್‌ನ ಯುವಾಲ್ಡಿ ಊರಿನ ರಾಬ್ ಎಲಿಮೆಂಟರಿ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯಿಂದ. 2022ರ ಮೇ 24ರಂದು ಅಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಆ ದಿನ ಪೊಲೀಸರಿಗೇನೂ ಬರ ಇರಲಿಲ್ಲ. 376 ಮಂದಿ ಬಂದಿದ್ದರು. ಹಂತಕನನ್ನು ಮುಗಿಸಲು 70ಕ್ಕೂ ಜಾಸ್ತಿ ನಿಮಿಷ ಬೇಕಾಯಿತು. ಅವನು ಒಳಗೆ ಬಂದದ್ದು ಬೀಗ ಬೀಳದ ಹೊರಬಾಗಿಲಿಂದ. ದಾಳಿ ನಡೆದ 111ನೇ ಕೋಣೆಯ ಬೀಗ ಸರಿ ಕೂರುವುದಿಲ್ಲ ಅಂತ ಶಾಲೆಯಲ್ಲಿ ಗೊತ್ತಿತ್ತು. ಆದರೂ ರಿಪೇರಿಗೆ ಅಂತ ಯಾರೂ ಒಂದು ಚೀಟಿ ಬರೆದು ಕೊಟ್ಟಿರಲಿಲ್ಲ. ಬದಲಿ ಟೀಚರುಗಳಿಗೆ ಸಾಕಷ್ಟು ಕೀ ಇರಲಿಲ್ಲ. ಹಾಗಾಗಿ ಬಾಗಿಲು ಮುಚ್ಚದಂತೆ ಕಲ್ಲು ಇಡುವುದು, ಮ್ಯಾಗ್ನೆಟ್ ಅಂಟಿಸುವುದು ಅಲ್ಲಿ ಮಾಮೂಲಾಗಿತ್ತು. ಇದೆಲ್ಲ ಟೆಕ್ಸಾಸ್ ಶಾಸನಸಭೆಯ ಸಮಿತಿಯೇ ವರದಿಯಲ್ಲಿ ಬರೆದಿರುವ ಮಾತು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಬೀಗ, ಅಷ್ಟೇ ಅಲ್ವಾ!

ಬಾಗಿಲ ಬಗ್ಗೆ ಸರ್ಕಾರ ಸುಮ್ನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಹೊರಬಾಗಿಲುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಬೇಕು ಅಂತ ನಿಯಮ ಮಾಡಿದೆ. ಪ್ರತಿ ತರಗತಿಯಲ್ಲೂ ಸದ್ದಿಲ್ಲದೆ ಪೊಲೀಸರನ್ನು ಕರೆಯುವ ಪ್ಯಾನಿಕ್ ಬಟನ್ ವ್ಯವಸ್ಥೆ ಬೇಕು ಅಂತ ಇನ್ನೊಂದು ಕಾನೂನಿದೆ. ಇವು ನನಗೆ ಕಾವಲುಗಾರನಿಗಿಂತ ಮುಖ್ಯ ಅನಿಸುತ್ತವೆ. ಆದರೆ ಬೀಗ ಹಾಕಿಸಿದರೆ ಮುಗಿಯಲಿಲ್ಲ, ಅದು ಕೆಟ್ಟಾಗ ಅದೇ ದಿನ ಬಂದು ಸರಿ ಮಾಡುವ ಕೆಲಸದವರಿಗೂ ಸಂಬಳ ಕೊಡಬೇಕು.

ನಿಮ್ಮ ಡಿಸ್ಟ್ರಿಕ್ಟ್‌ನಲ್ಲೂ ಕಾನೂನಿನ ಪ್ರಕಾರ ಒಂದು ಸುರಕ್ಷತಾ ಸಮಿತಿ ಇರುತ್ತದೆ. ಅದರಲ್ಲಿ ಪೋಷಕರಿಗೂ ಜಾಗವಿದೆ. ಸೆಮಿಸ್ಟರಿಗೆ ಒಮ್ಮೆಯಾದರೂ ಸಭೆ ನಡೆಯಬೇಕು. ಆ ಸಮಿತಿಯವರನ್ನು ಎರಡೇ ಪ್ರಶ್ನೆ ಕೇಳಿ: ಬಾಗಿಲು ಕೆಟ್ಟಿದೆ ಅಂತ ಟೀಚರ್ ಹೇಳಿದ ಮೇಲೆ ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ? ಬದಲಿ ಟೀಚರ್ ಕೈಗೆ ಕೀ ಕೊಡುತ್ತೀರಾ?