ಮತ್ತೆ ಮತ್ತೆ ಒಂದನೇ ನಂಬರ್
ಹಳೇ ಓದುಗರು ಸೂಪರ್‌ಹೀರೋ ಕಾಮಿಕ್ಸ್ ಯಾಕೆ ಬಿಡ್ತಿದಾರೆ ಅಂತ ಕೇಳಿದ್ರಲ್ಲ, ನನ್ ಪ್ರಕಾರ ಕಥೇಲಿ ಏನೇ ಆದ್ರೂ ಅದು ಉಳಿಯಲ್ಲ ಅನ್ನೋದೇ ದೊಡ್ಡ ಕಾರಣ. ಸ್ಪೈಡರ್‌ಮ್ಯಾನ್‌ನೇ ತಗೊಳ್ಳಿ, 1987ರಲ್ಲಿ ಅವನಿಗೂ (ನಿಜವಾದ ಹೆಸರು ಪೀಟರ್) ಅವನ ಪ್ರೇಯಸಿ ಮೇರಿ ಜೇನ್‌ಗೂ ಮದುವೆ ಮಾಡಿಸಿದ್ರು, ಇಪ್ಪತ್ತು ವರ್ಷ ಓದುಗರು ಆ ಸಂಸಾರದ ಜೊತೆಗೇ ಬೆಳೆದ್ರು, 2007ರಲ್ಲಿ ಅವನನ್ನ ಸಾಕಿದ ಆಂಟ್ ಮೇ ಜೀವ ಉಳಿಸೋಕೆ ಅಂತ ಮೆಫಿಸ್ಟೋ ಅನ್ನೋ ಸೈತಾನನ ಜೊತೆ ಡೀಲ್ ಮಾಡಿಸಿ ಆ ಮದುವೆ ಆಗೇ ಇರ್ಲಿಲ್ಲ ಅಂದ್ಬಿಟ್ರು. ಗಂಡ ಹೆಂಡ್ತಿ ಜಗಳ ಆಡಿ ದೂರ ಆಗಿದ್ರೂ ಒಪ್ಕೋತಿದ್ವಿ, ಇದನ್ನ ಹೇಗ್ರೀ ಒಪ್ಕೊಳ್ಳೋದು? ಸೂಪರ್‌ಮ್ಯಾನ್ ಕಾಮಿಕ್ಸ್ ತರೋ ಡಿಸಿ ಕಂಪ್ನಿಯೋರೂ ಅಷ್ಟೇ, 2011ರಲ್ಲಿ ಹಳೇ ಕಥೆ ಎಷ್ಟೋ ಅಳಿಸಿ 52 ಸೀರೀಸ್ ಒಂದನೇ ನಂಬರಿಂದ ಶುರು ಮಾಡಿದ್ರು, 900 ಸಂಚಿಕೆ ದಾಟಿದ್ದ ಸೂಪರ್‌ಮ್ಯಾನ್ ಸೀರೀಸ್ ಆಕ್ಷನ್ ಕಾಮಿಕ್ಸನ್ನೂ ಬಿಡ್ಲಿಲ್ಲ. ನೀವು ಹೊಸದಾಗಿ ಓದೋದಾದ್ರೆ ಒಬ್ಬನೇ ರೈಟರ್ ಬರೆದು ಮುಗಿಸಿರೋ ಹಳೇ ರನ್ (ಅಂದ್ರೆ ಒಂದೇ ಸೀರೀಸಿನ ಸಾಲು ಸಂಚಿಕೆಗಳು) ಹಿಡೀರಿ.