‘ಸಂಸ್ಕಾರ’ದ ಇಲಿ, ಹದ್ದು, ಅಗ್ರಹಾರ ಯಾವುದರ ಸಂಕೇತ?

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಇಲಿ ಅಂದರೆ ಕೊಳೆತ ಧರ್ಮ, ಹದ್ದು ಅಂದರೆ ಸಾವು ಎಂದು ಗೈಡಿನಲ್ಲಿದೆ, ಅಷ್ಟು ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪಟ್ಟಿ ಬಿಟ್ಟು ಬೇರೆ ದಾರಿಯಿಂದ ಹೋಗಿ ನೋಡಿ.

ಮೊದಲು ಇಲಿ. ನಮ್ಮ ಧಾರವಾಡ ಕಡೆ ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅವರಿಗೆ ಇಲಿ ಸಂಕೇತ ಅಲ್ಲ, ಸುದ್ದಿ. ಕಾದಂಬರಿಯ ಅಗ್ರಹಾರವಾದ ದೂರ್ವಾಸಪುರದಲ್ಲಿ ಇದು ತಿರುವುಮುರುವಾಗಿದೆ. ಇಲಿ ಸಾಯುತ್ತವೆ, ಹದ್ದುಗಳು ಮನೆ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ, ಜಾಗಟೆ ಬಾರಿಸಿ ಓಡಿಸುತ್ತಾರೆ. ಆಚಾರ ಬಿಟ್ಟು ಬದುಕಿ ಸತ್ತ ಬ್ರಾಹ್ಮಣ ನಾರಣಪ್ಪನ ಹೆಣ ಸುಡದ್ದಕ್ಕೇ ಈ ಅಪಶಕುನ ಅಂದುಕೊಳ್ಳುತ್ತಾರೆ. ಪಕ್ಕದ ಪಾರಿಜಾತಪುರದಲ್ಲಿ ಪೇಪರ್ ಓದುವ ಮಂಜಯ್ಯನಿಗೆ ಮಾತ್ರ ಇದು ಪ್ಲೇಗ್ ಎಂದು ಹೊಳೆಯುತ್ತದೆ. ಅಂದರೆ ಸಂಕೇತ ಹುಡುಕುವ ಕೆಲಸವನ್ನು ಪಾತ್ರಗಳೇ ಶುರು ಮಾಡಿಬಿಟ್ಟಿವೆ, ಅಲ್ವಾ? ಅವರು ಏನನ್ನು ಓದಿದರು, ಯಾವುದು ಕಣ್ಣಿಗೆ ಬೀಳಲಿಲ್ಲ ಎಂಬುದರಲ್ಲೇ ಅನಂತಮೂರ್ತಿಯವರ ಇಡೀ ವಿಮರ್ಶೆ ಇದೆ. ನನಗೆ ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದೂ ಇದೇ.

ಇನ್ನು ಅಂಗಳದ ಹೂವು ನೋಡಿ. ಉಳಿದ ಮನೆಗಳಲ್ಲಿ ಹೂವು ದೇವರಿಗೆ. ಹೆಂಗಸರ ಮುಡಿಗೆ ಸಿಗುವುದು ಪೂಜೆಯಾಗಿ ಬಾಡಿದ್ದು. ನಾರಣಪ್ಪನ ಮನೆಯಲ್ಲಿ ಅರಳಿದ ಹೂವು ನೇರ ಅವನು ಇಟ್ಟುಕೊಂಡಿದ್ದ ಚಂದ್ರಿಯ ಮುಡಿಗೆ. ಮನೆ ಮುಂದೆ ರಾತ್ರಿರಾಣಿ ಗಿಡ. ಅದರ ವಾಸನೆಗೆ ಮಡಿ-ಮೈಲಿಗೆ ಇಲ್ಲ, ಯಾರ ಮನೆಗೂ ನುಗ್ಗುತ್ತದೆ. “ಇದು ಕಾಮದ ಸಂಕೇತ” ಎಂದು ಒಂದು ಸಾಲು ಬರೆದು ನಿಲ್ಲಿಸಿದರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ. ಯಾವ ಹೂವು ಯಾರಿಗೆ ಸೇರುತ್ತದೆ ಎಂಬುದನ್ನು ಬರೆಯಿರಿ.

ಕಾಡಿನ ಬಗ್ಗೆ ಎರಡೇ ಮಾತು. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕು ಎಂಬುದಕ್ಕೆ ಉತ್ತರ ಬೇಡಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಹೊಳೆಯಾಚೆಯ ಮಾರುತಿ ಗುಡಿಗೆ ಹೋಗುತ್ತಾರೆ. ದೇವರು ಪ್ರಸಾದ ಕೊಡುವುದಿಲ್ಲ. ವಾಪಸ್ ಬರುವಾಗ ಕಾಡಿನ ಕತ್ತಲಲ್ಲಿ ಚಂದ್ರಿ ಸಿಗುತ್ತಾಳೆ, ಇಬ್ಬರೂ ಕೂಡುತ್ತಾರೆ. ಅಗ್ರಹಾರದ ಬೀದಿಯಲ್ಲಿ ಇದು ನಡೆಯುತ್ತಿತ್ತೇ ಎಂದು ಕೇಳಿಕೊಳ್ಳಿ, ಸಾಕು.

ಅಗ್ರಹಾರ ಬಿಟ್ಟು ಹೊರಟ ಆಚಾರ್ಯರು ತಲುಪುವ ಮೇಳಿಗೆಯ ಜಾತ್ರೆಯನ್ನು ತುಂಬಾ ಜನ ಸುಮ್ನೆ ದಾಟಿಬಿಡುತ್ತಾರೆ. ನೀವು ದಾಟಬೇಡಿ. ಕೋಳಿ ಅಂಕ, ಕಾಫಿ, ಗದ್ದಲ. ಅಲ್ಲಿ ಆಚಾರ್ಯರು ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಅಗ್ರಹಾರದಲ್ಲಿ ಹೆಣ ಇರುವವರೆಗೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಈ ಎರಡೂ ಭಾಗಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ, ಉತ್ತರವನ್ನು ಅಲ್ಲಿಂದಲೇ ಶುರು ಮಾಡಿ.