ಪೊವ್ವಲ್ ಕೋಟೆ, ಇರಿಯಣ್ಣಿ ಕಾಡು: ಬರುವವರಿಗೊಂದು ಉತ್ತರ

ನೀವು ಕೇಳಿದ್ದು ಏರು ಹೆಚ್ಚಿಲ್ಲದ ಕಾಡುದಾರಿ. ಮಕ್ಕಳೂ ವಯಸ್ಸಾದ ಅಮ್ಮನೂ ನಡೆಯಬೇಕು, ಹಳೆ ಕಾಲದ್ದು ಏನಾದರೂ ಕಾಣಸಿಗಬೇಕು, ಬೇಕಲ ಕೋಟೆಯ ಜನಜಂಗುಳಿ ಬೇಡ. ಅಂಥದ್ದು ಕಾಸರಗೋಡಿನಲ್ಲಿ ಉಂಟು: ಪೊವ್ವಲ್ ಕೋಟೆ, ಅಲ್ಲಿಂದ ಮುಂದೆ ಇರಿಯಣ್ಣಿಯ ಕಾಡುದಾರಿ. ಆದರೆ ಹಂಪಿಯನ್ನು ತಲೆಯಲ್ಲಿಟ್ಟುಕೊಂಡು ಬಂದರೆ ನಿರಾಸೆಯಾದೀತು. ನಮ್ಮಲ್ಲಿ ಕೆತ್ತನೆಯ ಕಂಬಗಳಿಲ್ಲ, ಟಿಕೆಟ್ ಕೌಂಟರಿಲ್ಲ. ಇರುವುದು ಕೆಂಪು ಗೋಡೆ, ಹುಲ್ಲು, ಗೇರು ಮರ, ಅದರಾಚೆ ಕಾಡು.

ಕಾಸರಗೋಡು ಪೇಟೆಯಿಂದ ಮುಳ್ಳೇರಿಯ ಕಡೆಯ ಬಸ್ಸು ಹಿಡಿಯಿರಿ. ಚೆರ್ಕಳದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಜಾಲ್ಸೂರು ರಸ್ತೆಗೆ ತಿರುಗುತ್ತದೆ. ಬೋವಿಕ್ಕಾನಕ್ಕಿಂತ ಮೊದಲೇ ಪೊವ್ವಲ್ ಸಿಗುತ್ತದೆ. ಕಂಡಕ್ಟರಿಗೆ ಕೋಟೆ ಅಂದರೆ ಒಮ್ಮೊಮ್ಮೆ ಗೊತ್ತಾಗುವುದಿಲ್ಲ, ಎಂಜಿನಿಯರಿಂಗ್ ಕಾಲೇಜು ಅಂದರೆ ಸಾಕು.

ಈ ಕೋಟೆ ಇಕ್ಕೇರಿ ನಾಯಕರ ಕಾಲದ್ದೆಂದೇ ಊರಲ್ಲಿ ಮಾತು. ಅವರು ಕರಾವಳಿಗುಂಟ ಕೋಟೆಗಳ ಸಾಲನ್ನೇ ನಿಲ್ಲಿಸಿದ್ದರು. ಕುಂಬಳೆ, ಚಂದ್ರಗಿರಿ, ಬೇಕಲ, ಹೊಸದುರ್ಗ ಎಲ್ಲ ಅದೇ ಸರಪಳಿ. ಬೇಕಲವನ್ನು ಸುಮಾರು 1650ರಲ್ಲಿ ಶಿವಪ್ಪ ನಾಯಕ ಕಟ್ಟಿಸಿದ. ಅದು ಸುಮಾರು ನಲವತ್ತು ಎಕರೆ, ಕೇರಳದಲ್ಲೇ ದೊಡ್ಡದು. ಅದಕ್ಕೆ ಹೋಲಿಸಿದರೆ ಪೊವ್ವಲ್ ಸಣ್ಣ ಠಾಣೆ. ಆದರೆ ಅದು ನಿಂತಿರುವ ಜಾಗ ನೋಡಿ: ದಕ್ಷಿಣಕ್ಕೆ ಪಯಸ್ವಿನಿ ಹರಿಯುತ್ತದೆ, ಕೆಳಗೆ ಹೋಗುತ್ತಾ ಚಂದ್ರಗಿರಿ ಹೊಳೆ ಎಂಬ ಹೆಸರು ಪಡೆಯುತ್ತದೆ. ತುಳುನಾಡಿಗೂ ಮಲಯಾಳ ನಾಡಿಗೂ ಹಿಂದಿನಿಂದ ಗಡಿಯೆನಿಸಿದ್ದು ಅದೇ ಹೊಳೆ. 1763ರಲ್ಲಿ ನಾಯಕರ ರಾಜಧಾನಿ ಬಿದನೂರು ಹೈದರಾಲಿಯ ಕೈಗೆ ಹೋಯಿತು, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ. ಆಮೇಲೆ ಒಳನಾಡಿನ ಇಂಥ ಕೋಟೆಗಳನ್ನು ಕಾಯುವ ಕೆಲಸ ಯಾರಿಗೂ ಇರಲಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಕತೆ ನಿಮಗೆ ಗೊತ್ತೇ ಇರಬೇಕು. ಅದನ್ನು ಇಲ್ಲಿ ಎತ್ತಿದರೆ ನಡೆಯಲು ಹೊತ್ತು ಸಿಕ್ಕುವುದಿಲ್ಲ.

ಗೋಡೆಯ ಹತ್ತಿರ ಹೋಗಿ ಕೈಯಿಟ್ಟು ನೋಡಿ. ಇದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನನ್ನನ್ನು ಕೇಳಿದರೆ ಈ ನಡಿಗೆಯಲ್ಲಿ ನೋಡಬೇಕಾದದ್ದು ರಾಜರನ್ನಲ್ಲ, ಈ ಕಲ್ಲನ್ನು. ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಂಥ ಹತಾರದಿಂದಲೇ ಕಡಿದು ಚೌಕ ಮಾಡಬಹುದು. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬವನು 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸುತ್ತುವಾಗ ಇದನ್ನು ಕಂಡು ಬೆರಗಾಗಿ ಬರೆದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದಲೇ ಲ್ಯಾಟರೈಟ್ ಎಂಬ ಹೆಸರು ಲೋಕಕ್ಕೆಲ್ಲ ಹೋಯಿತು. ನಮ್ಮ ಅಜ್ಜಂದಿರು ಅದರ ಗುಣ ತಿಳಿದೇ ಮನೆ, ಬಾವಿ, ಗದ್ದೆಯ ತಡೆ ಕಟ್ಟಿದ್ದರು. ಕೋಟೆಯ ಸುತ್ತ ಕಂದಕ ಕಡಿದರೆ ಗೋಡೆಗೆ ಬೇಕಾದ ಕಲ್ಲು ಅಲ್ಲೇ ಸಿಗುತ್ತದೆ, ಹೊರಗಿಂದ ಹೊರಬೇಕಾಗಿಲ್ಲ. ಒಂದೇ ತೊಂದರೆ, ಯಾರೂ ಕಾಯದ ಗೋಡೆಯ ಕಲ್ಲು ಮನೆ ಕಟ್ಟುವವನಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಕರಾವಳಿಯ ಹಳೆ ಕೋಟೆಗಳ ಎಷ್ಟೋ ಗೋಡೆಗಳು ಹೀಗೆ ದನದ ಹಟ್ಟಿಗೂ ಮನೆಯ ಅಡಿಪಾಯಕ್ಕೂ ಹೋಗಿವೆ. ನಾನು ಅದನ್ನು ಕಳ್ಳತನ ಅನ್ನಲಾರೆ. ಕೇಳುವವರಿಲ್ಲದ ಕಲ್ಲು ಅದು.

ಇದೇ ಕಲ್ಲಿನ ಇನ್ನೊಂದು ಗುಣ ನೋಡಬೇಕಾದರೆ ಯಾರದಾದರೂ ಅಡಿಕೆ ತೋಟದ ಮೇಲಿನ ಗುಡ್ಡೆಗೆ ಹೋಗಿ ಸುರಂಗ ಎಲ್ಲಿ ಎಂದು ಕೇಳಿ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಗುಹೆ, ಒಬ್ಬ ಆಳು ನಿಂತು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಳಗೆ ಒಸರುವ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹರಿದು ಹೊರಗಿನ ಟಾಂಕಿಗೆ ಬರುತ್ತದೆ. ಗೋಡೆಗೆ ಆಧಾರ ಬೇಡ, ಮುರಕಲ್ಲೇ ತನ್ನನ್ನು ತಾನು ಹಿಡಿದು ನಿಲ್ಲುತ್ತದೆ. ಇಂಥವು ಜಿಲ್ಲೆಯ ಉತ್ತರ ಭಾಗದಲ್ಲಿ, ಎಣ್ಮಕಜೆ, ಬಾಯಾರು ಕಡೆ ಹೆಚ್ಚು. ಯಜಮಾನರನ್ನು ಕೇಳದೆ ಒಳಗೆ ಕಾಲಿಡಬೇಡಿ. ಅದು ಅವರು ಕುಡಿಯುವ ನೀರು, ಜೊತೆಗೆ ಒಳಗೆ ಬಾವಲಿಯೂ ಹಾವೂ ಇರುತ್ತವೆ.

ಕೋಟೆ ನೋಡಿ ಬೋವಿಕ್ಕಾನಕ್ಕೆ ಬಂದು ಇರಿಯಣ್ಣಿ ಕಡೆ ತಿರುಗಿ. ಅಲ್ಲಿಂದ ಕಾಡು ಶುರು. ಡಾಂಬರು ದಾರಿಯೇ ಆದರೂ ನಡೆಯಲು ಸುಖ, ಮೊಣಕಾಲಿಗೆ ತೊಂದರೆ ಇಲ್ಲ. ನಡುನಡುವೆ ಸಿಗುವ ಗೇರು ಗುಡ್ಡೆಗಳನ್ನು ಕಾಡೆಂದು ಭಾವಿಸಿ ಫೋಟೋ ತೆಗೆಯುವವರು ಬಹಳ. ನಮಗೆ ಗೇರು ಗುಡ್ಡೆ ಅಂದರೆ ಬೇರೆಯೇ ನೆನಪು. ಮುಳಿಯಾರು, ಕಾರಡ್ಕ, ಎಣ್ಮಕಜೆ, ಬೆಳ್ಳೂರು ಮುಂತಾದ ಪಂಚಾಯತುಗಳಲ್ಲಿ ಸರಕಾರಿ ಒಡೆತನದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನು ತಡೆಯಿತು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು, ಈಗ ದೊಡ್ಡವರಾದವರು, ಈ ದಾರಿಯ ಆಚೀಚೆಯ ಮನೆಗಳಲ್ಲಿ ಇದ್ದಾರೆ. ದಯವಿಟ್ಟು ಆ ಮನೆಗಳನ್ನು ‘ನೋಡುವ ಜಾಗ’ ಮಾಡಬೇಡಿ.

ಡಾಂಬರು ಬಿಟ್ಟು ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಕಾಗದದ ಮಾತಲ್ಲ. ಸುಳ್ಯ ಕಡೆಯ ಕಾಡಿನಿಂದ ಆನೆ ಇಳಿದು ಕಾರಡ್ಕ, ಕಾನತ್ತೂರು, ಇರಿಯಣ್ಣಿ ತನಕ ಬರುತ್ತದೆ. ಬಾಳೆ, ತೆಂಗು, ಅಡಿಕೆ ಸಸಿ ಒಂದೇ ರಾತ್ರಿಯಲ್ಲಿ ನೆಲಸಮ. ತಡೆಯಲೆಂದು ಸೋಲಾರ್ ಬೇಲಿ ತೂಗುಹಾಕಿದ್ದಾರೆ, ಅದನ್ನು ಮುಟ್ಟಲು ಹೋಗಬೇಡಿ. ಈಚಿನ ವರ್ಷಗಳಲ್ಲಿ ಚಿರತೆಯ ಸುದ್ದಿಯೂ ಉಂಟು, ಹಟ್ಟಿಯ ನಾಯಿಗಳು ಕಾಣೆಯಾಗುತ್ತವೆ. ಬೆಳಗ್ಗೆ ಬಿಸಿಲು ಬಂದ ಮೇಲೆ ಹೊರಟು, ಸಂಜೆ ಐದಕ್ಕೆ ಮೊದಲು ಪೇಟೆ ಸೇರಿ. ಊರಿನವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಆನೆಯ ಲದ್ದಿ ಹಸಿಯಾ ಹಳೆಯದಾ ಎಂದು ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ದಾರಿಯ ಬದಿ ಒಂದು ಕಡೆ ಮರಗಳು ಇದ್ದಕ್ಕಿದ್ದಂತೆ ದಟ್ಟವಾಗಿ, ಬಳ್ಳಿ ಹೆಣೆದು, ಸೌದೆ ಕಡಿದ ಗುರುತೇ ಇಲ್ಲದೆ ಕಂಡರೆ ಅದು ಬನ, ಇಲ್ಲವೆ ದೈವದ ಜಾಗ. ನಾಗಬನದ ಒಳಗೆ ಹೋಗುವ ಹಾಗಿಲ್ಲ, ಎಲೆ ಕೀಳುವ ಹಾಗೂ ಇಲ್ಲ. ಕಾನತ್ತೂರಿನ ನಾಲ್ವರ್ ದೈವಸ್ಥಾನ ಈ ಕಡೆಯದೇ. ಕೋರ್ಟಿಗೆ ಹೋಗಿ ಸೋತವರೂ ಕೋರ್ಟಿಗೆ ಹೋಗಲಿಚ್ಛಿಸದವರೂ ಜಾಗದ ಜಗಳ, ಸಾಲದ ಜಗಳ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ದೈವದ ಮುಂದೆ ಸುಳ್ಳು ಹೇಳುವ ಧೈರ್ಯ ಕೋರ್ಟಿನಲ್ಲಿ ಸುಳ್ಳು ಹೇಳುವಷ್ಟು ಸುಲಭವಾಗಿ ಬರುವುದಿಲ್ಲ ಎಂದು ಕಾಣುತ್ತದೆ. ವರ್ಷಕ್ಕೊಮ್ಮೆ ಕಳಿಯಾಟ ಎಂಬ ದೈವದ ಉತ್ಸವ ನಡೆಯುತ್ತದೆ, ಆಗ ಬಂದರೆ ಕಾಡಿನ ಮೌನ ಸಿಗುವುದಿಲ್ಲ, ಆದರೆ ಊರು ಸಿಗುತ್ತದೆ.

ಭಾಷೆಯ ಬಗ್ಗೆ ಹೆದರಬೇಡಿ. ಎದುರು ಬರುವವರು ತುಳುವಿನಲ್ಲೋ ಮಲಯಾಳದಲ್ಲೋ ಎಲ್ಲಿಗೆ ಹೊರಟಿರಿ ಎಂದು ಕೇಳಿಯೇ ಕೇಳುತ್ತಾರೆ. ಅದು ತನಿಖೆಯಲ್ಲ, ನಮ್ಮ ನಮಸ್ಕಾರ. ನೀವು ಕನ್ನಡದಲ್ಲಿ ‘ಅಣ್ಣಾ, ಕೋಟೆ ನೋಡಲಿಕ್ಕೆ ಬಂದದ್ದು’ ಎಂದರೆ ಸಾಕು. ಹಿರಿಯರಾದರೆ ಕನ್ನಡದಲ್ಲೇ ಉತ್ತರ ಬರಬಹುದು. ಮಕ್ಕಳಾದರೆ ಮಲಯಾಳದಲ್ಲಿ ಬಂದೀತು, ಯಾಕೆಂದರೆ ಶಾಲೆ ಹಾಗಾಗಿದೆ.

ಬರುವುದಾದರೆ ನವೆಂಬರಿನಿಂದ ಜನವರಿ. ಮಳೆಗಾಲದಲ್ಲಿ ಉಂಬುಳ (ಜಿಗಣೆ) ಕಾಲು ಬಿಡುವುದಿಲ್ಲ, ಮುರಕಲ್ಲಿನ ಪಾಚಿ ಜಾರುತ್ತದೆ. ಮಾರ್ಚಿನ ಮೇಲೆ ಪದವಿನ (ಗುಡ್ಡೆಯ ಮೇಲಿನ ಬಯಲಿನ) ಕಲ್ಲು ಕಾದು ಕಾಲಿಡಲಾಗುವುದಿಲ್ಲ, ಆದರೆ ಕೇಪಳ, ಕುಂಟಾಲ ಹಣ್ಣು ಬೇಕಾದವರು ಆಗಲೇ ಬರಬೇಕು. ನೀರು ಹೊತ್ತು ತನ್ನಿ, ಕಾಡಿನ ದಾರಿಯಲ್ಲಿ ಅಂಗಡಿಗಳನ್ನು ನಂಬಬೇಡಿ. ಊಟ ಬೋವಿಕ್ಕಾನದಲ್ಲೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ಇರಿಯಣ್ಣಿಯಿಂದ ಹಿಂದಿರುಗುವ ಬಸ್ಸಿನ ಹೊತ್ತನ್ನೂ ಅಲ್ಲೇ ಕೇಳಿಟ್ಟುಕೊಳ್ಳಿ.